ಬೈಗುಳದ ತೂಕ: ಇಂಗ್ಲಿಷಿನ ಕೆಟ್ಟ ಮಾತುಗಳ ಅರ್ಥ ಮತ್ತು ಬಳಕೆ

ಶುರುವಿನಲ್ಲೇ ಒಂದು ಮಾತು. ಇವತ್ತು ಇಂಗ್ಲಿಷಿನ ಬೈಗುಳಗಳನ್ನು ಇದ್ದ ಹಾಗೆಯೇ ಪೂರ್ತಿಯಾಗಿ ಹೇಳುತ್ತೇನೆ. 'ಎಫ್ ಪದ', 'ಬಿ ಪದ' ಅಂತ ತೇಲಿಸಿಬಿಟ್ಟರೆ ಯಾವುದಕ್ಕೆ ಎಷ್ಟು ತೂಕ ಅನ್ನುವುದು ತಿಳಿಯುವುದಿಲ್ಲ. ಕಪ್ಪು ಜನರನ್ನು ಹೀಯಾಳಿಸುವ ಒಂದು ಪದವನ್ನು ಮಾತ್ರ ಹೇಳುವುದಿಲ್ಲ. ಏಕೆ ಅನ್ನುವುದು ಮುಂದೆ ಬರುತ್ತದೆ.

2008ರ ಜನವರಿಯ ಸಿಡ್ನಿ ಟೆಸ್ಟ್ ನಿಮ್ಮಲ್ಲಿ ಬಹಳ ಜನರಿಗೆ ನೆನಪಿರಬೇಕು. ಆಗ ತಂಡದ ನಾಯಕ ನಮ್ಮ ಅನಿಲ್ ಕುಂಬ್ಳೆ. ಆಸ್ಟ್ರೇಲಿಯಾದ ಬ್ರಾಡ್ ಹಾಗ್ ಕುಂಬ್ಳೆಯನ್ನೂ ಧೋನಿಯನ್ನೂ 'ಬಾಸ್ಟರ್ಡ್ಸ್' ಅಂದರು ಅಂತ ಭಾರತ ತಂಡ ದೂರು ಕೊಟ್ಟಿತು. ಆಸ್ಟ್ರೇಲಿಯಾದವರಿಗೆ ಇದು ದೂರು ಕೊಡುವಂಥ ಮಾತು ಅನ್ನಿಸುವುದೇ ಕಷ್ಟ. ಅಲ್ಲಿ ಲಾಟರಿ ಹೊಡೆದ ಗೆಳೆಯನಿಗೆ 'ಲಕ್ಕಿ ಬಾಸ್ಟರ್ಡ್' ಅನ್ನುತ್ತಾರೆ, ಕೆಲಸ ಕಳೆದುಕೊಂಡವನ ಬಗ್ಗೆ ಮರುಗುತ್ತಾ 'ಪೂರ್ ಬಾಸ್ಟರ್ಡ್' ಅನ್ನುತ್ತಾರೆ, ಸಲೀಸಾಗಿ ಬಿಚ್ಚದ ನಟ್ಟಿಗೂ ಬಾಸ್ಟರ್ಡ್ ಅನ್ನುತ್ತಾರೆ. ನಮ್ಮಲ್ಲಿ ಅದೇ ಮಾತು ನೇರವಾಗಿ ತಾಯಿಯ ಮೇಲೆ, ಹುಟ್ಟಿನ ಮೇಲೆ ಹೋಗಿ ಬೀಳುತ್ತದೆ. ಪರ್ತ್ ಟೆಸ್ಟಿಗೆ ಮುಂಚೆ ಕುಂಬ್ಳೆ ಆ ದೂರನ್ನು ಹಿಂದಕ್ಕೆ ತೆಗೆದುಕೊಂಡರು.

ಅದೇ ಪಂದ್ಯದ ಇನ್ನೊಂದು ದೂರು ಇದಕ್ಕೆ ತಿರುವುಮುರುವು. ಹರ್ಭಜನ್ ಸಿಂಗ್, ಕಪ್ಪು ಕೆರಿಬಿಯನ್ ಮೂಲವಿದ್ದ ಆ್ಯಂಡ್ರೂ ಸೈಮಂಡ್ಸ್‌ಗೆ 'ಮಂಕಿ' ಅಂದರು ಅನ್ನುವುದು ಆಸ್ಟ್ರೇಲಿಯಾದ ಆರೋಪ. ಅಂದದ್ದು ಅದಲ್ಲ, ಹಿಂದಿಯ 'ತೇರಿ ಮಾ ಕಿ' ಅನ್ನುವುದು ಭಾರತದ ಉತ್ತರ. ಮೇಲ್ಮನವಿಯ ವಿಚಾರಣೆ ನಡೆಸಿದ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಜನಾಂಗ ನಿಂದನೆ ಸಾಬೀತಾಗಿಲ್ಲ ಅಂದರು. ಕೆಟ್ಟ ಮಾತಾಡಿದ್ದಕ್ಕೆ ಮಾತ್ರ ಪಂದ್ಯದ ಸಂಭಾವನೆಯ ಶೇ. 50 ದಂಡ ಹಾಕಿ, ಮೊದಲು ಹಾಕಿದ್ದ ಮೂರು ಟೆಸ್ಟ್‌ಗಳ ನಿಷೇಧವನ್ನು ತೆಗೆದುಹಾಕಿದರು. ಇಲ್ಲಿ ಗಮನಿಸಿ: ತಾಯಿಯನ್ನು ಎಳೆದು ತಂದ ಬೈಗುಳ ಸಣ್ಣ ತಪ್ಪಾಯಿತು, 'ಕೋತಿ' ಅನ್ನುವುದು ದೊಡ್ಡ ತಪ್ಪಾಗುತ್ತಿತ್ತು. ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಲೆಕ್ಕ ಉಲ್ಟಾ ಹೇಳುತ್ತಾರೆ. ಮಕ್ಕಳಿಗೆ ದಿನಕ್ಕೆ ಹತ್ತು ಸಲ 'ಕೋತಿ' ಅನ್ನುವ ಜನ ನಾವು.

ನಾನು ಹೇಳಬೇಕಾದ್ದು ಇಷ್ಟೇ. ಬೈಗುಳದ ಅರ್ಥ ನಿಘಂಟಿನಲ್ಲಿ ಇರುವುದಿಲ್ಲ. ಯಾರು ಯಾರಿಗೆ ಅಂದರು, ಯಾವ ವಾಕ್ಯದ ಒಳಗೆ ಅಂದರು, ಯಾವ ದೇಶದಲ್ಲಿ, ಯಾರ ಎದುರಿಗೆ ಅಂದರು ಎಂಬುದರಲ್ಲಿ ಇರುತ್ತದೆ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮಗೆ ಈ ನಾಲ್ಕನ್ನೂ ಯಾರೂ ಹೇಳಿಕೊಟ್ಟಿಲ್ಲ. ಪದಗಳು ಮಾತ್ರ ವೆಬ್ ಸರಣಿಗಳಿಂದ ಬಂದು ಬಾಯಲ್ಲಿ ಕೂತಿವೆ.

ಸ್ವಲ್ಪ ಇತಿಹಾಸ ಬೇಕು, ಇಲ್ಲದಿದ್ದರೆ ಇಂಗ್ಲಿಷಿನ ತೂಕದ ಕ್ರಮ ವಿಚಿತ್ರವಾಗಿ ಕಾಣುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮೈಯ ಅಂಗಗಳ ಹೆಸರು ಹೇಳುವುದು ಅಂಥ ದೊಡ್ಡ ವಿಷಯವಾಗಿರಲಿಲ್ಲ. ಹದಿಮೂರನೇ ಶತಮಾನದ ಲಂಡನ್ನಿನಲ್ಲಿ, ಬೇರೆ ಕೆಲವು ಪಟ್ಟಣಗಳಲ್ಲಿಯೂ, ಸೂಳೆಗೇರಿಗೆ 'ಗ್ರೋಪ್‌ಕಂಟ್ ಲೇನ್' ಅಂತ ಸರಕಾರಿ ದಾಖಲೆಯಲ್ಲೇ ಹೆಸರಿತ್ತು. ಇವತ್ತು ಇಂಗ್ಲಿಷಿನ ಅತಿ ಕೆಟ್ಟ ಪದಗಳಲ್ಲಿ ಒಂದು ಅನ್ನಿಸಿಕೊಂಡಿರುವ 'ಕಂಟ್' (ಹೆಂಗಸಿನ ಗುಪ್ತಾಂಗ) ಅಂದು ಬೀದಿಯ ಹೆಸರಿನಲ್ಲಿತ್ತು. ಆಗ ಜನ ಬೆಚ್ಚುತ್ತಿದ್ದದ್ದು ದೇವರ ಹೆಸರಿಗೆ. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಬಳಸಿದರೆ 10 ಪೌಂಡ್ ದಂಡ ಅಂತ ಕಾನೂನು ಮಾಡಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹಳೆಯ ನಾಟಕಗಳಲ್ಲಿ ಬರುವ 'ಜೌಂಡ್ಸ್' ಅಂದರೆ 'ದೇವರ ಗಾಯಗಳ ಆಣೆ' ಅನ್ನುವುದನ್ನು ಮೊಟಕು ಮಾಡಿ ಮರೆಮಾಚಿದ ರೂಪ. ಈಗಿನ 'ಗಾಶ್', 'ಡಾರ್ನ್', 'ಹೆಕ್' ಎಲ್ಲ ಅದೇ ಕುಲದವು: 'ಗಾಡ್', 'ಡ್ಯಾಮ್', 'ಹೆಲ್' ಅನ್ನಲು ಹೆದರಿ ಅಕ್ಷರ ಬದಲಾಯಿಸಿಕೊಂಡವು.

ಆಮೇಲೆ ಭಯ ದೇವರಿಂದ ಮೈಗೆ ಇಳಿಯಿತು. ಹತ್ತೊಂಬತ್ತನೇ ಶತಮಾನದ ಮರ್ಯಾದಸ್ತ ಮನೆಗಳಲ್ಲಿ ಅಂಗ, ಮಲಮೂತ್ರ, ಕೂಟ ಇವುಗಳ ಹೆಸರೆಲ್ಲ ಬಾಯಿಂದ ಮರೆಯಾದವು. 1914ರಲ್ಲಿ ಬರ್ನಾರ್ಡ್ ಶಾ ಅವರ 'ಪಿಗ್ಮಾಲಿಯನ್' ಲಂಡನ್ನಿನಲ್ಲಿ ರಂಗಕ್ಕೆ ಬಂದಾಗ ನಾಯಕಿಯ ಬಾಯಲ್ಲಿ ಒಂದು 'ಬ್ಲಡಿ' ಬಂತು. ಪತ್ರಿಕೆಗಳಲ್ಲಿ ಅದೇ ಸುದ್ದಿ. ಆಮೇಲೆ ಜನ 'ನಾಟ್ ಬ್ಲಡಿ ಲೈಕ್ಲಿ' ಅನ್ನುವ ಬದಲು 'ನಾಟ್ ಪಿಗ್ಮಾಲಿಯನ್ ಲೈಕ್ಲಿ' ಅನ್ನತೊಡಗಿದರು. 'ಫಕ್' ಕತೆ ಇನ್ನೂ ತಡ. 1310ರ ಚೆಸ್ಟರ್ ನ್ಯಾಯಾಲಯದ ಕಡತದಲ್ಲಿ ಒಬ್ಬನ ಅಡ್ಡಹೆಸರಿನೊಳಗೆ ಕಾಣಿಸುವ ಪದ ಅದು. 1598ರ ಇಟಾಲಿಯನ್-ಇಂಗ್ಲಿಷ್ ನಿಘಂಟಿನಲ್ಲಿ ಅಚ್ಚಾಗಿದೆ. ಆದರೆ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿಗೆ ಸೇರಿದ್ದು 1972ರ ಪುರವಣಿ ಸಂಪುಟದಲ್ಲಿ.

ಇಲ್ಲಿ ಒಂದು ಉಪಕತೆ. ರಾಜನ ಅಪ್ಪಣೆ ಪಡೆದು ಕೂಡುವವರು ಬಾಗಿಲಿಗೆ ಹಾಕುತ್ತಿದ್ದ ಫಲಕದ ಮೊದಲಕ್ಷರಗಳಿಂದ 'ಫಕ್' ಹುಟ್ಟಿತು, ಹಡಗಿನಲ್ಲಿ ಗೊಬ್ಬರವನ್ನು ಮೇಲಿಡಿ ಅನ್ನುವ ಸೂಚನೆಯ ಮೊದಲಕ್ಷರಗಳಿಂದ 'ಶಿಟ್' ಹುಟ್ಟಿತು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳನ್ನು ನೋಡಿರುತ್ತೀರಿ. ಎರಡೂ ಸುಳ್ಳು. ಮೊದಲಕ್ಷರ ಜೋಡಿಸಿ ಪದ ಮಾಡುವ ರೂಢಿ ಬಂದಿದ್ದೇ ಹೆಚ್ಚುಕಡಿಮೆ ಇಪ್ಪತ್ತನೇ ಶತಮಾನದಲ್ಲಿ. ಈ ಎರಡು ಪದಗಳು ಅದಕ್ಕಿಂತ ಎಷ್ಟೋ ಹಳೆಯವು. ಡಚ್, ಜರ್ಮನ್ ಭಾಷೆಗಳಲ್ಲಿ ಇವುಗಳ ದಾಯಾದಿಗಳಿದ್ದಾರೆ.

ಈಗ ಮೂರನೇ ಕಾಲ. ಇಂಗ್ಲಿಷಿನಲ್ಲಿ ಇವತ್ತು ನಿಜವಾಗಿ ಬಾಯಿ ಕಟ್ಟುವುದು ದೇವರೂ ಅಲ್ಲ, ಮೈಯೂ ಅಲ್ಲ. ಒಂದು ಗುಂಪನ್ನು ಹೀಯಾಳಿಸುವ ಪದಗಳು. ಜನಾಂಗ, ಅಂಗವೈಕಲ್ಯ, ಲೈಂಗಿಕತೆ ಇವುಗಳನ್ನು ಹಿಡಿದು ಬೈಯುವ ಪದಗಳು. 2000ರಲ್ಲಿ ಬ್ರಿಟನ್ನಿನ ಪ್ರಸಾರ ಮತ್ತು ಜಾಹೀರಾತು ನಿಯಂತ್ರಕರು ಬಿಬಿಸಿ ಜೊತೆ ಸೇರಿ ಜನರನ್ನು ಕೇಳಿ ಪದಗಳಿಗೆ ತೂಕದ ಕ್ರಮ ಹಾಕಿದರು. ಮೊದಲ ಮೂರು ಸ್ಥಾನ 'ಕಂಟ್', 'ಮದರ್‌ಫಕರ್', 'ಫಕ್'ಗೆ ಹೋದವು. ಆದರೆ ಮೊದಲ ಹತ್ತರಲ್ಲಿ ಆಗಲೇ ಎರಡು ಜನಾಂಗ ನಿಂದನೆಯ ಪದಗಳಿದ್ದವು. ಅವುಗಳಲ್ಲಿ ಒಂದು 'ಪಾಕಿ'. ನಮ್ಮ ಕಿವಿಗೆ ಅದು ಬರೀ ಪಾಕಿಸ್ತಾನಿ ಅನ್ನುವುದರ ಚುಟುಕು. ಬ್ರಿಟನ್ನಿನಲ್ಲಿ ಅದು ದಕ್ಷಿಣ ಏಷ್ಯಾದವರನ್ನೆಲ್ಲ, ಅಂದರೆ ಕನ್ನಡದವರನ್ನೂ ಸೇರಿಸಿ, ಬೀದಿಯಲ್ಲಿ ಅಟ್ಟಿಸಿಕೊಂಡು ಹೊಡೆಯುವಾಗ ಕೂಗಿದ ಪದ. ಕ್ರಿಕೆಟ್ ನೋಡುವಾಗ ನಮ್ಮವರು ಸಲೀಸಾಗಿ ಬಳಸುತ್ತಾರೆ. ಲಂಡನ್ನಿನ ಪಬ್ಬಿನಲ್ಲಿ ಬಳಸಿದರೆ ಪಕ್ಕದವರು ಎದ್ದು ನಿಲ್ಲುತ್ತಾರೆ.

ಹಾಗೆಯೇ 'ಕೂಲಿ'. ನಮಗೆ ಅದು ದಿನದ ದುಡಿಮೆ, ದುಡಿಮೆಯ ಹಣ. ದಕ್ಷಿಣ ಆಫ್ರಿಕಾದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಕರಾರಿನ ಮೇಲೆ ಸಾಗಿಸಿಕೊಂಡು ಹೋದ ಭಾರತೀಯರ ಮೊಮ್ಮಕ್ಕಳಿಗೆ ಅದು ಬೈಗುಳ.

ನಾನು ಹೇಳುವುದಿಲ್ಲ ಅಂದ ಪದದ ವಿಷಯವೂ ಇಲ್ಲೇ ಬರುತ್ತದೆ. ಅಮೆರಿಕದ ಕಪ್ಪು ಯುವಕರು ತಮ್ಮೊಳಗೆ ಗೆಳೆಯ ಅನ್ನುವ ಅರ್ಥದಲ್ಲಿ ಅದನ್ನು ಆಡಿಕೊಳ್ಳುತ್ತಾರೆ, ರ‍್ಯಾಪ್ ಹಾಡುಗಳಲ್ಲಿ ಸಾಲು ಸಾಲಾಗಿ ಬರುತ್ತದೆ. ಅದನ್ನು ಆಡುವ ಹಕ್ಕು ಆ ಗುಂಪಿನ ಒಳಗಿನದು. ಹೊರಗಿನವರು ಹಾಡಿನ ಜೊತೆ ಗುನುಗಿದರೂ, ಉದಾಹರಣೆಗೆ ಅಂತ ಹೇಳಿದರೂ ಕೆಲಸ ಹೋದದ್ದಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಸಂಗತಿ: ನಮ್ಮ 'ನಿಗಾ' ಆ ಪದದಂತೆಯೇ ಕೇಳಿಸುತ್ತದೆ. ರೈಲಿನಲ್ಲಿ ಫೋನ್ ಹಿಡಿದು 'ಮಗು ಮೇಲೆ ನಿಗಾ ಇಡು' ಅಂದರೆ ಪಕ್ಕದ ಸೀಟಿನವರಿಗೆ ಕೇಳಿಸುವುದು ಬೇರೆಯೇ. 'ಗಮನ ಇಡು' ಅಂದುಬಿಡಿ. ಕರಾವಳಿಯವರ 'ಫಕ್ಕನೆ ನೆನಪಾಯ್ತು' ಕೂಡ ಹಾಗೆಯೇ, ಆದರೆ ಅದರಿಂದ ಅಂಥ ಅನಾಹುತವೇನೂ ಆಗುವುದಿಲ್ಲ.

ಇನ್ನು ಪದಗಳನ್ನು ಒಂದೊಂದಾಗಿ ನೋಡೋಣ. 'ಫಕ್' ಬಗ್ಗೆ ಮೊದಲು ತಿಳಿಯಬೇಕಾದ್ದು, ಅದು ಬಹಳ ಸಲ ಬೈಗುಳವೇ ಅಲ್ಲ. ಕಾಲಿಗೆ ಏನೋ ತಾಗಿದಾಗ 'ಫಕ್!' ಅಂದರೆ ಅದು ನಮ್ಮ 'ಅಯ್ಯೋ'. 'ಫಕಿಂಗ್ ಕೋಲ್ಡ್' ಅಂದರೆ ಸಿಕ್ಕಾಪಟ್ಟೆ ಚಳಿ. 'ಫಕ್ ಆಲ್' ಬ್ರಿಟನ್ನಿನಲ್ಲಿ ಏನೂ ಇಲ್ಲ ಅನ್ನುವ ಅರ್ಥ. 'ಫಕ್ಡ್ ಅಪ್' ಕೆಟ್ಟುಹೋಗಿದೆ, 'ಡೋಂಟ್ ಗಿವ್ ಎ ಫಕ್' ನನಗೇನೂ ಲೆಕ್ಕಕ್ಕಿಲ್ಲ, 'ಫಕ್ ಅರೌಂಡ್' ಸುಮ್ಮನೆ ಕಾಲ ಕಳೆಯುವುದು ಅಥವಾ ಕೆಣಕುವುದು, 'ಫಕ್ ವಿತ್' ಬೇಕೆಂದೇ ತಂಟೆಗೆ ಹೋಗುವುದು. ಇವು ಒರಟು ಮಾತು, ನಿಂದನೆಯಲ್ಲ. ಮನುಷ್ಯನಿಗೆ ಗುರಿಯಿಟ್ಟಾಗ ಮಾತ್ರ ನಿಂದನೆ: 'ಫಕ್ ಯು', 'ಫಕ್ ಆಫ್', 'ಯು ಫಕಿಂಗ್ ಈಡಿಯಟ್'. ಕಚೇರಿಯಲ್ಲಿ ಇದರ ವ್ಯತ್ಯಾಸ ದೊಡ್ಡದು. 'ವಿ ಫಕ್ಡ್ ಅಪ್ ದ ರಿಲೀಸ್' ಅಂದ ಮ್ಯಾನೇಜರ್ ತಪ್ಪನ್ನು ತನ್ನ ಮೇಲೂ ಹಾಕಿಕೊಳ್ಳುತ್ತಿದ್ದಾನೆ. 'ಯು ಫಕ್ಡ್ ಅಪ್' ಅಂದರೆ ಬೆರಳು ನಿಮ್ಮ ಕಡೆಗಿದೆ. 'ಯು ಆರ್ ಎ ಫಕಪ್' ಅಂದರೆ ಮಾಡಿದ ಕೆಲಸವನ್ನು ಬಿಟ್ಟು ನಿಮ್ಮನ್ನೇ ಹಳಿದ ಹಾಗೆ. ಸರ್ವನಾಮವನ್ನು, ಕ್ರಿಯಾಪದವನ್ನು ಕೇಳಿಸಿಕೊಳ್ಳಿ. ಕೆಟ್ಟ ಪದ ಮೂರರಲ್ಲೂ ಅದೇ, ಏಟು ಮಾತ್ರ ಬೇರೆ ಬೇರೆ.

ವ್ಯಾಕರಣದಲ್ಲಿ ಆಸಕ್ತಿ ಇರುವವರಿಗೆ ಎರಡು ಸಂಗತಿ. 'ಫಕ್ ಯು' ಆಜ್ಞೆಯ ವಾಕ್ಯದಂತೆ ಕಂಡರೂ ಆಜ್ಞೆಯಲ್ಲ. ಆಜ್ಞೆಯಾಗಿದ್ದರೆ 'ವಾಶ್ ಯುವರ್‌ಸೆಲ್ಫ್' ಅನ್ನುವ ಹಾಗೆ 'ಯುವರ್‌ಸೆಲ್ಫ್' ಬರಬೇಕಿತ್ತು. ಇದು ನಮ್ಮ 'ನಿನ್ನ ಮನೆ ಹಾಳಾಗ' ಥರದ ಶಾಪದ ಹತ್ತಿರದ್ದು. ಇನ್ನೊಂದು, ಪದದ ನಡುವೆ ತೂರಿಸುವುದು: 'ಫ್ಯಾನ್-ಫಕಿಂಗ್-ಟಾಸ್ಟಿಕ್', 'ಆಬ್ಸೊ-ಫಕಿಂಗ್-ಲೂಟ್ಲಿ'. ಎಲ್ಲಿ ಬೇಕಾದರೂ ತೂರಿಸಲಾಗದು. ಒತ್ತು ಬೀಳುವ ಅಕ್ಷರದ ಮುಂಚೆಯೇ ಬರಬೇಕು. 'ಫ್ಯಾಂಟಾಸ್-ಫಕಿಂಗ್-ಟಿಕ್' ಅಂದರೆ ಇಂಗ್ಲಿಷ್ ಮಾತೃಭಾಷೆಯ ಮಗುವಿಗೂ ತಪ್ಪು ಅನ್ನಿಸುತ್ತದೆ. ಯಾರೂ ಕಲಿಸದೆ ಬಂದ ನಿಯಮ ಇದು. ಭಾಷಾವಿಜ್ಞಾನಿಗಳು ಇದರ ಮೇಲೆ ಗಂಭೀರವಾದ ಲೇಖನಗಳನ್ನೇ ಬರೆದಿದ್ದಾರೆ.

'ಶಿಟ್' ಕನ್ನಡಿಗರಿಗೆ ಇರುವ ನಿಜವಾದ ಗುಂಡಿ, ಕಾರಣ ಇಂಗ್ಲಿಷಿನ 'ದ' (the) ಅನ್ನುವ ಪುಟ್ಟ ಪದ. ಅಮೆರಿಕದ ಆಡುಮಾತಿನಲ್ಲಿ 'ಯು ಆರ್ ದ ಶಿಟ್' ಅಂದರೆ ನಿನ್ನಂಥವನಿಲ್ಲ ಅನ್ನುವ ಹೊಗಳಿಕೆ. 'ಯು ಆರ್ ಶಿಟ್' ಅಂದರೆ ನೀನು ಯಾವ ಕೆಲಸಕ್ಕೂ ಬಾರದವನು. ಕನ್ನಡದಲ್ಲಿ 'ಎ', 'ದ' ಇಲ್ಲ, ಮಾತಿನ ಓಟದಲ್ಲಿ ನಾವು ಅವನ್ನು ಬಿಟ್ಟೇ ಬಿಡುತ್ತೇವೆ. ಇಲ್ಲಿ ಬಿಟ್ಟರೆ ಹೊಗಳಿಕೆ ಬೈಗುಳವಾಗುತ್ತದೆ. 'ನೋ ಶಿಟ್' ಕೂಡ ಎರಡು ಬಾಯಿಯ ಮಾತು: ಬೆರಗಿನ ದನಿಯಲ್ಲಿ ಅಂದರೆ 'ಹೌದಾ!', ಚಪ್ಪಟೆ ದನಿಯಲ್ಲಿ ಅಂದರೆ 'ಅದು ಎಲ್ಲರಿಗೂ ಗೊತ್ತಿರೋದೇ'. 'ಬುಲ್‌ಶಿಟ್' ಅಂದರೆ ಸುಳ್ಳು ಅಂತಷ್ಟೇ ಅಲ್ಲ; ನಿಜವೋ ಸುಳ್ಳೋ ಅನ್ನುವ ಚಿಂತೆಯೇ ಇಲ್ಲದೆ ಎದುರಿನವರನ್ನು ಮೆಚ್ಚಿಸಲು ಹೊಡೆಯುವ ಬುರುಡೆ. ಸಭೆಯಲ್ಲಿ ಒಬ್ಬರ ಮಾತಿಗೆ ಹಾಗಂದರೆ ಅವರ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದ ಹಾಗೆ. 'ಐ ಡಿಸಗ್ರೀ' ಅನ್ನುವುದರ ಗಟ್ಟಿ ರೂಪ ಅಂದುಕೊಳ್ಳಬೇಡಿ.

'ಪಿಸ್ಡ್' ಬ್ರಿಟನ್ನಿನಲ್ಲಿ ಕುಡಿದು ತೂರಾಡುವವನು, ಅಮೆರಿಕದಲ್ಲಿ ಸಿಟ್ಟಾದವನು. 'ಫ್ಯಾನಿ' ಅಮೆರಿಕದಲ್ಲಿ ತಿಕಕ್ಕೆ ಮಕ್ಕಳೂ ಆಡುವ ಮಾತು, ಬ್ರಿಟನ್ನಿನಲ್ಲಿ ಹೆಂಗಸಿನ ಗುಪ್ತಾಂಗ. ಸೊಂಟಕ್ಕೆ ಕಟ್ಟುವ ಚೀಲಕ್ಕೆ ಅಮೆರಿಕದವರು 'ಫ್ಯಾನಿ ಪ್ಯಾಕ್' ಅಂದರೆ ಬ್ರಿಟನ್ನಿನವರು 'ಬಮ್ ಬ್ಯಾಗ್' ಅನ್ನುವುದು ಇದಕ್ಕೇ.

ಅಂಗದ ಹೆಸರಿನ ಬೈಗುಳಗಳನ್ನು ನಮ್ಮವರು ಒಂದೇ ಅಂತ ತಿಳಿದು ಕಲಸುತ್ತಾರೆ. ಪ್ರತಿಯೊಂದೂ ಬೇರೆ ಬೇರೆ ದುರ್ಗುಣವನ್ನು ಹೇಳುತ್ತದೆ. 'ಡಿಕ್' ಅಂದರೆ ಬೇರೆಯವರ ಬಗ್ಗೆ ಯೋಚನೆಯಿಲ್ಲದೆ ನಡೆದುಕೊಳ್ಳುವವನು. 'ಡೋಂಟ್ ಬಿ ಎ ಡಿಕ್' ಅಂದರೆ ಸ್ವಲ್ಪ ಮನುಷ್ಯತ್ವ ಇರಲಿ ಅಂತ. 'ಡಿಕ್‌ಹೆಡ್' ಅದರಲ್ಲಿ ದಡ್ಡತನ ಸೇರಿದವನು. 'ಪ್ರಿಕ್' ಬೇಕೆಂದೇ ನೋಯಿಸುವ ಸೊಕ್ಕಿನವನು. 'ವ್ಯಾಂಕರ್', 'ಟಾಸರ್' ಅಂದರೆ ಹಸ್ತಮೈಥುನ ಮಾಡಿಕೊಳ್ಳುವವನು ಅಂತ ಪದಾರ್ಥ. ಬ್ರಿಟನ್ನಿನ ಬಳಕೆಯಲ್ಲಿ ತನ್ನನ್ನು ತಾನು ದೊಡ್ಡವನೆಂದುಕೊಂಡ ಪೊಳ್ಳು ಮನುಷ್ಯ. 'ಆಸ್‌ಹೋಲ್' ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವುದು: ನಿಯಮ ಬೇರೆಯವರಿಗೆ, ತನಗಲ್ಲ ಅಂದುಕೊಂಡವನು. ಸಾಲು ಮುರಿದು ಮುಂದೆ ನುಗ್ಗುವವನು, ಆ್ಯಂಬುಲೆನ್ಸಿನ ಹಿಂದೆ ಕಾರು ಓಡಿಸಿಕೊಂಡು ಹೋಗುವವನು. ಬುದ್ಧಿವಂತನಾಗಿದ್ದೂ ಆಸ್‌ಹೋಲ್ ಆಗಬಹುದು, ಡಿಕ್‌ಹೆಡ್ ಆಗುವುದು ಕಷ್ಟ. 'ಜ್ಯಾಕಾಸ್' ಮಾತ್ರ ಈ ಕುಟುಂಬದ್ದಲ್ಲ, ಅದು ಗಂಡು ಕತ್ತೆ, ನಮ್ಮ 'ಕತ್ತೆ'ಯೇ. 'ಬಿಗ್-ಆಸ್ ಕಾರ್' ಅನ್ನುವಲ್ಲಿ 'ಆಸ್' ಬರೀ ಒತ್ತುಪದ, 'ಗೆಟ್ ಯುವರ್ ಆಸ್ ಓವರ್ ಹಿಯರ್' ಅನ್ನುವಲ್ಲಿ ಅದು 'ನೀನು'. 'ಬ್ಯಾಡಾಸ್' ಹೊಗಳಿಕೆ.

ಹೆಂಗಸಿನ ಅಂಗದ ಹೆಸರುಗಳ ಲೆಕ್ಕವೇ ಬೇರೆ. 'ಟ್ವಾಟ್' ಬ್ರಿಟನ್ನಿನಲ್ಲಿ ದಡ್ಡ, ಕಿರಿಕಿರಿ ಮನುಷ್ಯ. ದೊಡ್ಡ ಕವಿಗಳೂ ಇದರಲ್ಲಿ ಎಡವಿದ್ದಾರೆ. ರಾಬರ್ಟ್ ಬ್ರೌನಿಂಗ್ ಹಳೆಯ ಪದ್ಯವೊಂದರಲ್ಲಿ ಈ ಪದ ಓದಿ, ಕ್ರೈಸ್ತ ಸನ್ಯಾಸಿನಿಯರು ತಲೆಗೆ ಹಾಕುವ ವಸ್ತ್ರವೇನೋ ಅಂದುಕೊಂಡು 1841ರ ಕಾವ್ಯವೊಂದರಲ್ಲಿ ಗಂಭೀರವಾಗಿ ಬಳಸಿದರು. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು ಅವರು. ಸುತ್ತಲಿನ ವಾಕ್ಯ ನೋಡಿ ಅರ್ಥ ಊಹಿಸುವುದು ಬೇರೆ ಪದಗಳಿಗೆ ನಡೆಯಬಹುದು, ಈ ಪದಗಳಿಗೆ ನಡೆಯುವುದಿಲ್ಲ.

'ಕಂಟ್' ದೇಶಕ್ಕೊಂದು ತೂಕದ ಪದ. ಸ್ಕಾಟ್ಲೆಂಡ್, ಆಸ್ಟ್ರೇಲಿಯಾದ ಗಂಡಸರ ಗುಂಪಿನಲ್ಲಿ 'ಗುಡ್ ಕಂಟ್' ಅಂದರೆ ಒಳ್ಳೆಯವನು. ಅಮೆರಿಕದಲ್ಲಿ ಹೆಂಗಸಿಗೆ ಹಾಗೆ ಅನ್ನುವುದು ಹೆಣ್ಣುಕುಲವನ್ನೇ ಹೀಯಾಳಿಸಿದ ಹಾಗೆ. ಬೇರೆ ಬೈಗುಳಗಳನ್ನು ಮರೆತರೂ ಇದನ್ನು ಮರೆಯುವುದಿಲ್ಲ. ಮೆಲ್ಬರ್ನ್‌ನಲ್ಲಿ ಎರಡು ವರ್ಷ ಕೆಲಸ ಮಾಡಿ ಅಲ್ಲಿನ ಮಾತು ಹಿಡಿದುಕೊಂಡು ನ್ಯೂಜೆರ್ಸಿಗೆ ವರ್ಗವಾದವರಿಗೆ ಇದು ನೇರವಾಗಿ ಅನ್ವಯಿಸುತ್ತದೆ.

'ಬಿಚ್' ವಿಷಯದಲ್ಲಿ ನಾನು ಖಡಾಖಂಡಿತ. ಹೆಣ್ಣುನಾಯಿ ಅನ್ನುವ ಪದವನ್ನು ಹೆಂಗಸಿಗೆ ಬೈಯಲು ಬಳಸುವುದು ಮಧ್ಯಯುಗದಿಂದ ಇದೆ. ಹೆಂಗಸಿಗೆ ಅಂದರೆ ಗಟ್ಟಿಯಾಗಿ ಮಾತಾಡುತ್ತಾಳೆ, ಹೇಳಿದಂತೆ ಕೇಳುವುದಿಲ್ಲ ಅಂತ ಅರ್ಥ. ಗಂಡಸಿಗೆ ಅಂದರೆ ಪುಕ್ಕಲ, ಬೇರೆಯವರ ಅಡಿಯಾಳು ಅಂತ. ಒಂದೇ ಪದ ಹೆಂಗಸನ್ನು ಮಿತಿಮೀರಿದವಳು ಅನ್ನುತ್ತದೆ, ಗಂಡಸನ್ನು ಹೆಂಗಸಿನಂಥವನು ಅನ್ನುತ್ತದೆ. ಎರಡೂ ಕಡೆ ಬೈಸಿಕೊಳ್ಳುವುದು ಹೆಣ್ಣೇ. ಗೆಳತಿಯರು ತಮ್ಮೊಳಗೆ ಸಲಿಗೆಯಿಂದ ಆಡಿಕೊಳ್ಳುವುದುಂಟು; ಆ ಸಲಿಗೆ ಪಕ್ಕದ ಮೇಜಿನ ಗಂಡಸಿಗೆ ವರ್ಗವಾಗುವುದಿಲ್ಲ. ಹಾಗೆಯೇ 'ಸನ್ ಆಫ್ ಎ ಬಿಚ್' ಅನ್ನು ಸಬ್‌ಟೈಟಲ್ ಬರೆಯುವವರು 'ಸೂಳೆಮಗ' ಅಂತ ಹಾಕುತ್ತಾರೆ. ತೂಕ ಕೂಡುವುದಿಲ್ಲ. ಇಂಗ್ಲಿಷಿನಲ್ಲಿ ಅದರೊಳಗಿನ ತಾಯಿ ಸವೆದುಹೋಗಿದ್ದಾಳೆ, ಕೆಟ್ಟುನಿಂತ ಗಾಡಿಗೂ ಅನ್ನುತ್ತಾರೆ. ಕನ್ನಡದಲ್ಲಿ ತಾಯಿ ಇನ್ನೂ ಜೀವಂತ. ನಮ್ಮ ಬೈಗುಳಗಳು ಬೋಳಿಮಗ, ಮುಂಡೇಮಗ ಅಂತ ಮನೆಯ ಹೆಂಗಸನ್ನು, ಅವಳ ವೈಧವ್ಯವನ್ನು ಹಿಡಿದು ಹೋಗುತ್ತವೆ. ಇಂಗ್ಲಿಷಿನ ಬೈಗುಳ ಹೆಚ್ಚಾಗಿ ಎದುರಿಗೆ ನಿಂತವನ ಮೈಯನ್ನೇ ಹಿಡಿಯುತ್ತದೆ.

'ಬಗರ್' ಒಂದು ಚಂದದ ಪದಚರಿತ್ರೆ ಇರುವ ಪದ. ಮೂಲ 'ಬಲ್ಗೇರಿಯಾದವನು'. ಅಲ್ಲಿನ ಒಂದು ಕ್ರೈಸ್ತ ಪಂಥವನ್ನು ಚರ್ಚು ಪಾಷಂಡಿಗಳೆಂದು ಸಾರಿ, ಅವರ ಮೇಲೆ ಸಲಿಂಗಕಾಮದ ಆರೋಪ ಹೊರಿಸಿತು; ಫ್ರೆಂಚ್ ಮೂಲಕ ಅದು ಇಂಗ್ಲಿಷಿಗೆ ಬಂತು. ಇವತ್ತು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅದು ತೀರ ಹಗುರ. ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಮನೆಮಾತಿನಲ್ಲಿ 'ದಟ್ ಬಗರ್' ಅಂದರೆ 'ಆ ಮಹಾಶಯ' ಅನ್ನುವಷ್ಟೇ.

ನಮ್ಮದೇ ಇಂಗ್ಲಿಷ್ ಬೈಗುಳಗಳೂ ಇವೆ: ರಾಸ್ಕಲ್, ಸ್ಕೌಂಡ್ರಲ್, ಬ್ಲಡಿ ಫೂಲ್, ಯೂಸ್‌ಲೆಸ್ ಫೆಲೋ, ಲೋಫರ್. ಕನ್ನಡದಲ್ಲಿ 'ರಾಸ್ಕಲ್' ಅಂದರೆ ಕೈ ಎತ್ತುವ ಹಂತ. ಇಂದಿನ ಇಂಗ್ಲೆಂಡಿನಲ್ಲಿ 'ರಾಸ್ಕಲ್' ಅಂದರೆ ಬಿಸ್ಕತ್ತು ಕದ್ದ ಮೊಮ್ಮಗ. 'ಲೋಫರ್' ಅಲ್ಲಿ ಸೋಮಾರಿ, ಇಲ್ಲವೇ ಒಂದು ಬಗೆಯ ಬೂಟು. ಕನ್ನಡದಲ್ಲಿ ಹೆಂಗಸರ ಹಿಂದೆ ಬೀಳುವ ಪೋಲಿ. ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವವರು ನೆನಪಿಡಿ: ನಾವು ಹಗುರ ಅಂದುಕೊಂಡದ್ದು ಅಲ್ಲಿ ಭಾರ, ಭಾರ ಅಂದುಕೊಂಡದ್ದು ಅಲ್ಲಿ ಹಗುರ.

ಹೀಗೇಕೆ ಆಗುತ್ತದೆ? ಮಾತಿನ ತೂಕ ಕಿವಿಗೆ ಬರುವುದು ಬಾಲ್ಯದಲ್ಲಿ, ಮನೆಯಲ್ಲಿ ಗದರಿಸಿಕೊಂಡಾಗ. ಯಾವ ಪದಕ್ಕೆ ಅಮ್ಮ ಬಾಯಿಗೆ ಹೊಡೆದಳೋ ಆ ಪದ ಮೈಗೆ ಅಂಟಿಕೊಳ್ಳುತ್ತದೆ. ತುರ್ಕಿ ಮಾತೃಭಾಷೆಯ, ಆಮೇಲೆ ಇಂಗ್ಲಿಷ್ ಕಲಿತ ಜನರ ಚರ್ಮದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದ 2003ರ ಒಂದು ಅಧ್ಯಯನದಲ್ಲಿ ಕೆಟ್ಟ ಮಾತುಗಳಿಗೂ, 'ನಾಚಿಕೆಯಾಗಲ್ವಾ' ಥರದ ಬಾಲ್ಯದ ಗದರಿಕೆಗಳಿಗೂ ಮಾತೃಭಾಷೆಯಲ್ಲಿ ಮೈ ಜೋರಾಗಿ ಮಿಡಿಯಿತು. ಆಮೇಲೆ ಕಲಿತ ಭಾಷೆಯಲ್ಲಿ ಅಷ್ಟು ಮಿಡಿಯಲಿಲ್ಲ. ಬಹುಭಾಷಿಕರ ಮೇಲೆ ಲಂಡನ್ನಿನ ಭಾಷಾವಿಜ್ಞಾನಿ ಜಾನ್-ಮಾರ್ಕ್ ಡೆವಾಲೆ ಮಾಡಿದ ಕೆಲಸವೂ ಇದನ್ನೇ ಹೇಳುತ್ತದೆ. ಅದಕ್ಕೇ ಅಪ್ಪ ಅಮ್ಮನ ಮುಂದೆ 'ಸೂಳೆಮಗ' ಅನ್ನಲು ನಾಲಿಗೆ ಏಳದ ಹುಡುಗ 'ವಾಟ್ ದ ಫಕ್' ಅನ್ನುವಾಗ ಏನೂ ಅನ್ನಿಸಿಕೊಳ್ಳುವುದಿಲ್ಲ. ಅವನಿಗೆ ತೂಕ ತಿಳಿಯದು. ಕೇಳಿಸಿಕೊಂಡ, ಇಂಗ್ಲೆಂಡಿನ ಲೀಡ್ಸ್ ನಗರದ ಹೆಂಗಸಿಗೆ ತಿಳಿಯುತ್ತದೆ.

ಬರಹದಲ್ಲಿ 'ಡಬ್ಲ್ಯುಟಿಎಫ್' ಅಂದರೆ ಮರ್ಯಾದೆ ಉಳಿಯಿತು ಅಂದುಕೊಳ್ಳುವವರಿದ್ದಾರೆ. ಓದುವವರ ತಲೆಯಲ್ಲಿ ಪೂರ್ತಿ ಪದವೇ ಮೊಳಗುತ್ತದೆ. ಗ್ರಾಹಕರಿರುವ ಚಾಟ್‌ನಲ್ಲಿ ಅದು ಬೇಡ. ಉದ್ಗಾರ ಬೇಕೇ ಬೇಕಿದ್ದರೆ ಅಮೆರಿಕದಲ್ಲಿ 'ಶೂಟ್', ಬ್ರಿಟನ್ನಿನಲ್ಲಿ 'ಬ್ಲೈಮಿ' ಸಾಕು. ಕೈಸನ್ನೆಯೂ ಅಷ್ಟೇ. ಎರಡು ಬೆರಳಿನ ವಿಜಯದ ಗುರುತನ್ನು ಅಂಗೈ ನಮ್ಮ ಕಡೆ ಮಾಡಿ ತೋರಿಸಿದರೆ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಅದು 'ಫಕ್ ಆಫ್'. 1992ರಲ್ಲಿ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಕ್ಯಾನ್‌ಬೆರಾದಲ್ಲಿ ಕಾರಿನೊಳಗಿಂದ ಹಾಗೇ ತೋರಿಸಿಬಿಟ್ಟರು.

ಯಂತ್ರಗಳಿಗೆ ಸಂದರ್ಭ ತಿಳಿಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1996ರ ಪ್ರಕರಣವಿದೆ. ಇಂಗ್ಲೆಂಡಿನ ಸ್ಕಂಥೋರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವಾ ಕಂಪನಿಯಲ್ಲಿ ಖಾತೆ ತೆರೆಯಲಾಗಲಿಲ್ಲ, ಊರಿನ ಹೆಸರಿನೊಳಗೆ 'ಕಂಟ್' ಅಕ್ಷರಗಳು ಅಡಗಿದ್ದವು. ನಮಗೆ ಇದು ದೂರದ ಮಾತಲ್ಲ. ರಕ್ಷಿತಾ, ಹರ್ಷಿತಾ, ದೀಕ್ಷಿತ್ ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ, ನಾಲ್ಕಕ್ಷರದ 'ಶಿಟ್' ಒಳಗೇ ಕೂತಿದೆ. ಒರಟು ಶೋಧಕ ಅದನ್ನು ಹಿಡಿದು ಫಾರಂ ತಿರಸ್ಕರಿಸಿದರೆ ಹೆಸರು ಬದಲಾಯಿಸಬೇಡಿ. ಸಹಾಯವಾಣಿಗೆ ಬರೆದು, ಇದು ಪೂರ್ಣ ಪದವಲ್ಲ, ಹೆಸರಿನ ಭಾಗ, ಮನುಷ್ಯರೊಬ್ಬರು ಪರಿಶೀಲಿಸಲಿ ಅಂತ ಕೇಳಿ. ತಂತ್ರಾಂಶ ಬರೆಯುವವರು ನಿಮ್ಮಲ್ಲಿದ್ದರೆ, ಅಕ್ಷರದ ತುಣುಕನ್ನು ಹುಡುಕಬೇಡಿ, ಪದದ ಗಡಿಯನ್ನು ನೋಡಿ ಹುಡುಕಿ.

ಕಾನೂನೂ ಸಂದರ್ಭವನ್ನೇ ನೋಡುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1942ರಲ್ಲಿ, ಎದುರಿಗೆ ನಿಂತವನನ್ನು ಹೊಡೆದಾಟಕ್ಕೆ ಎಬ್ಬಿಸುವ ಮಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಅಂದಿತು. 1971ರಲ್ಲಿ ಅದೇ ಕೋರ್ಟು, ಜಾಕೆಟ್ಟಿನ ಮೇಲೆ 'ಫಕ್ ದ ಡ್ರಾಫ್ಟ್' ಅಂತ ಬರೆದುಕೊಂಡು ನ್ಯಾಯಾಲಯದ ಕಾರಿಡಾರಿನಲ್ಲಿ ಓಡಾಡಿದವನ ಶಿಕ್ಷೆಯನ್ನು ರದ್ದು ಮಾಡಿತು. ಆ ಮಾತು ಸೇನಾಭರ್ತಿಯ ವಿರುದ್ಧ, ಯಾವ ಮನುಷ್ಯನ ಮೇಲೂ ಅಲ್ಲ. 2011ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಪೊಲೀಸರ ಎದುರು 'ಫಕ್' ಅಂದವನನ್ನು ಬಿಟ್ಟಿತು, ಪೊಲೀಸರು ದಿನವೂ ಕೇಳುವ ಮಾತಿನಿಂದ ಅವರಿಗೆ ಕಿರುಕುಳವಾಯಿತು ಅನ್ನಲು ಸಾಕ್ಷ್ಯವಿರಲಿಲ್ಲ. ನಮ್ಮಲ್ಲಿ 2024ರ ಮಾರ್ಚಿನಲ್ಲಿ ವೆಬ್ ಸರಣಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒರಟು ಮಾತೆಲ್ಲ ಅಶ್ಲೀಲವಲ್ಲ, ಸಿಟ್ಟಿನಲ್ಲಿ ಬರುವ ಬೈಗುಳ ಕಾಮವನ್ನು ಕೆರಳಿಸುವುದಿಲ್ಲ ಅಂದಿತು. ಆದರೆ ಇದರಿಂದ ಬೈಯಲು ರಹದಾರಿ ಸಿಕ್ಕಿಲ್ಲ. ಜಗಳಕ್ಕೆ ಎಬ್ಬಿಸಲು ಬೇಕೆಂದೇ ಅವಮಾನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮು, ಹೆಂಗಸಿನ ಮಾನಕ್ಕೆ ಧಕ್ಕೆ ತರಲೆಂದು ಆಡಿದರೆ 79ನೇ ಕಲಮು, ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ನಾಲ್ಕು ಜನರ ಎದುರು ಜಾತಿ ಹೆಸರೆತ್ತಿ ಬೈದರೆ 1989ರ ದೌರ್ಜನ್ಯ ತಡೆ ಕಾಯಿದೆ. ಕಚೇರಿಯಲ್ಲಿ ಹೆಂಗಸಿಗೆ ಲೈಂಗಿಕ ಬಣ್ಣದ ಮಾತಾಡಿದರೆ 2013ರ ಕಾಯಿದೆಯಡಿ ಆಂತರಿಕ ಸಮಿತಿಗೆ ಹೋಗಬಹುದು, ಆ ಮಾತು ಇಂಗ್ಲಿಷಿನಲ್ಲಿದ್ದರೂ ಅಷ್ಟೇ.

ಹಾಗೆ ದೂರು ಕೊಡುವ ಹೊತ್ತು ಬಂದಾಗ ನಮ್ಮವರು ಸಂಕೋಚದಿಂದ 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಅಂತಷ್ಟೇ ಬರೆಯುತ್ತಾರೆ. ಅದರಿಂದ ವಿಚಾರಣೆ ಮಾಡುವವರಿಗೆ ಏನೂ ಸಿಗುವುದಿಲ್ಲ. ಅವರು 'ದಿಸ್ ಇಸ್ ಬುಲ್‌ಶಿಟ್' ಅಂದಿದ್ದರೋ 'ಯು ಬಿಚ್' ಅಂದಿದ್ದರೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪದವನ್ನು ಆಡಿದ ಹಾಗೆಯೇ ಬರೆಯಿರಿ, ಪೂರ್ತಿ ವಾಕ್ಯವನ್ನು ಬರೆಯಿರಿ. ಅದರ ಹಿಂದಿನ ಮಾತು ಏನಿತ್ತು, ಅಂದವರು ಯಾರ ಕಡೆ ನೋಡುತ್ತಿದ್ದರು, ಯಾರು ಯಾರು ಕೇಳಿಸಿಕೊಂಡರು, ದಿನ ಮತ್ತು ಹೊತ್ತು ಇವಿಷ್ಟನ್ನೂ ಸೇರಿಸಿ. ಚಾಟ್ ಆಗಿದ್ದರೆ ಆ ಒಂದು ಸಾಲಿನ ಜೊತೆ ಮೇಲಿನ, ಕೆಳಗಿನ ಹತ್ತು ಸಾಲುಗಳ ಸ್ಕ್ರೀನ್‌ಶಾಟ್ ಕೂಡ ಇಡಿ, ತಾರೀಖು ಕಾಣುವ ಹಾಗೆ. ಅಂದೇ ರಾತ್ರಿ ಬರೆದಿಟ್ಟುಕೊಳ್ಳಿ. ವಾರ ಕಳೆದರೆ ಪದ ನೆನಪಿರುತ್ತದೆ, ವಾಕ್ಯ ಮರೆತುಹೋಗುತ್ತದೆ.